ರಾಮಲಿಂಗಯ್ಯನವರ ಡೌಟಿಲ್ಲದ ಕ್ಲಾಸು

ಕೋಡಿಹಳ್ಳಿ ಕಡೆಯ ರಾಮಲಿಂಗಯ್ಯನವರು ಚನ್ನಪಟ್ಟಣದ ಹೊರಗೆ, ಸಾತನೂರು ರಸ್ತೆಯಲ್ಲಿದ್ದ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಹೈಡ್ರಾಲಿಕ್ಸ್ ಪಾಠ ಮಾಡುತ್ತಿದ್ದರು. ಪಾಠ ಮಾಡುತ್ತಿದ್ದರು ಎನ್ನುವುದು ಮರ್ಯಾದೆಗೆ ಆಡುವ ಮಾತು. ಅವರು ಹಳದಿಗಟ್ಟಿದ ಹಾಳೆ ಹಿಡಿದು ಓದುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು. ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟೇ ಹೇಳುತ್ತಿದ್ದರು. ಒಮ್ಮೆ ಫ್ಯಾನಿನ ಗಾಳಿಗೆ ಹಾಳೆಗಳು ಮಗುಚಿಕೊಂಡು ಪಂಪಿನ ಪಾಠದ ನಡುವೆ ಅಣೆಕಟ್ಟಿನ ಪಾಠ ಸೇರಿಕೊಂಡಿತು. ತರಗತಿ ಅದನ್ನೂ ಬರೆದುಕೊಂಡಿತು. ರಾಮಲಿಂಗಯ್ಯನವರಿಗೂ ಗೊತ್ತಾಗಲಿಲ್ಲ.

ಕಾಲೇಜು ಶುರುವಾದದ್ದು ಎಂಬತ್ತರ ದಶಕದಲ್ಲಿ. ಕಟ್ಟಿಸಿದವರು ಬೈರಪ್ಪ, ತೋಟ, ಲಾರಿ, ರೇಷ್ಮೆಗೂಡಿನ ವ್ಯಾಪಾರ ಎಲ್ಲ ಆದ ಮೇಲೆ ಇನ್ನೇನು ಮಾಡುವುದೆಂದು ತೋಚದೆ ವಿದ್ಯಾದಾನಕ್ಕೆ ಇಳಿದ ಮನುಷ್ಯ. ರಾಮಲಿಂಗಯ್ಯನವರ ಹೆಂಡತಿ ಬೋರಮ್ಮನಿಗೆ ಅವರು ಸೋದರಮಾವ. ಆ ನಂಟೊಂದೇ ಇವರ ಅರ್ಹತೆ. ಬೆಂಗಳೂರಿನಲ್ಲಿ ಓದುವಾಗ ಇವರು ಸಲೀಸಾಗಿ ಪಾಸಾಗದೆ ಮತ್ತೆ ಮತ್ತೆ ಕಟ್ಟಿದ ವಿಷಯವೆಂದರೆ ಹೈಡ್ರಾಲಿಕ್ಸ್ ಒಂದೇ. ಇಲ್ಲಿ ಖಾಲಿ ಇದ್ದದ್ದೂ ಅದೊಂದೇ.

ಲ್ಯಾಬಿನಲ್ಲಿ ವೆಂಚುರಿ ಮೀಟರ್ ಇತ್ತು. ನಡುವೆ ಸೊಂಟ ಸಣ್ಣಗಾದ ಪೈಪು. ಅದರೊಳಗೆ ನೀರು ಹರಿಸಿ, ಅಗಲದ ಕಡೆ ಒತ್ತಡ ಎಷ್ಟು, ಸಣ್ಣ ಕಡೆ ಎಷ್ಟು ಎಂದು ಅಳೆಯುವ ಸಾಧನ. ಅದರ ಪಂಪು ಪರೀಕ್ಷೆಯ ದಿನ ಮಾತ್ರ ಓಡುತ್ತಿತ್ತು. ಉಳಿದ ದಿನ ಹುಡುಗರು ಹಿಂದಿನ ಬ್ಯಾಚಿನವರ ರೀಡಿಂಗುಗಳನ್ನೇ ನಕಲು ಮಾಡಿ ರೆಕಾರ್ಡ್ ತುಂಬುತ್ತಿದ್ದರು. ಆ ಹಿಂದಿನವರೂ ಅವರ ಹಿಂದಿನವರಿಂದ ಇಳಿಸಿಕೊಂಡವರೇ. ಅಳತೆ ಕೊಳವೆಯಲ್ಲಿ ಪಾದರಸವೇ ಇಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ‘ಬೇಸಿಗೇಲಿ ಆರೋಗ್ಬುಡ್ತು’ ಎಂದರಂತೆ ರಾಮಲಿಂಗಯ್ಯನವರು.

ಹೈಡ್ರಾಲಿಕ್ಸ್ ಓದುವ ಮಕ್ಕಳಿಗೆ ಬರುವ ಅನುಮಾನಗಳು ಎಲ್ಲೆಲ್ಲೂ ಒಂದೇ. ಕೆರೆಯ ತೂಬಿನ ಬಾಗಿಲಿನ ಮೇಲೆ ನೀರು ಹಾಕುವ ಬಲ ಬಾಗಿಲ ನಡುಮಧ್ಯೆ ಬೀಳದೆ ಕೊಂಚ ಕೆಳಗೇ ಯಾಕೆ ಬೀಳುತ್ತದೆ? ಗೇಜ್ ಒತ್ತಡ ಯಾವಾಗ ಹಾಕಬೇಕು, ಗಾಳಿಯದನ್ನೂ ಸೇರಿಸಿದ ಒಟ್ಟು ಒತ್ತಡ ಯಾವಾಗ? ಲೀಟರನ್ನು ಘನಮೀಟರ್ ಮಾಡುವಾಗ ಸೊನ್ನೆಗಳು ಎಲ್ಲಿ ಕಳೆದುಹೋಗುತ್ತವೆ? ವರ್ಷವರ್ಷವೂ ಹೊಸ ಮಕ್ಕಳು ಬರುತ್ತಾರೆ, ಅದೇ ಕಡೆ ಎಡವುತ್ತಾರೆ. ಒಂದು ಸಲ ಕೂತು ಉತ್ತರ ಹುಡುಕಿಟ್ಟುಕೊಂಡಿದ್ದರೆ ರಾಮಲಿಂಗಯ್ಯನವರಿಗೆ ನಿವೃತ್ತಿಯವರೆಗೂ ಆಗುತ್ತಿತ್ತು. ಅಷ್ಟು ಕಷ್ಟ ಅವರು ಪಡಲಿಲ್ಲ. ‘ಫಾರ್ಮುಲಾ ಹಾಕು, ಬತ್ತದೆ’ ಎನ್ನುತ್ತಿದ್ದರು. ಅದಕ್ಕೂ ಬಗ್ಗದವರಿಗೆ, ‘ನಿಮ್ಮಪ್ಪ ಏನ್ ಮಾಡ್ತಾನೆ?’ ಎಂದು ಕೇಳುತ್ತಿದ್ದರು. ರೇಷ್ಮೆ ನೂಲು ತೆಗೆಯುವ ರೀಲರ್ ಮಗ, ಕುರಿ ಕಾಯುವವನ ಮಗ, ಯಾರಾದರೂ ಸರಿ, ಆ ಪ್ರಶ್ನೆಗೆ ಬಾಯಿ ಮುಚ್ಚಿ ಕೂರುತ್ತಿದ್ದರು.

ದಿಲ್ಶಾದ್ ಕೂರಲಿಲ್ಲ.

ಅವಳು ಚನ್ನಪಟ್ಟಣದ ಹುಡುಗಿ. ಅಪ್ಪ ಅಸದುಲ್ಲಾ ಮರದ ಬೊಂಬೆ ಕಡೆಯುವ ಕೆಲಸದವರು. ಸಿವಿಲ್ ಡಿಪ್ಲೊಮಾದ ಆ ಬ್ಯಾಚಿನಲ್ಲಿ ಹುಡುಗಿಯರೇ ಕಡಿಮೆ, ಅವರಲ್ಲೂ ಕೈ ಎತ್ತುತ್ತಿದ್ದವಳು ಇವಳೊಬ್ಬಳೇ. ಒಂದು ಬೆಳಿಗ್ಗೆ ರಾಮಲಿಂಗಯ್ಯನವರು ಬರ್ನೌಲಿ ಸೂತ್ರ ಬರೆಸಿ, ಪೈಪು ಸಣ್ಣಗಾದ ಕಡೆ ನೀರಿನ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ, ಫುಲ್‌ಸ್ಟಾಪ್ ಎಂದರು. ದಿಲ್ಶಾದ್ ಎದ್ದು ನಿಂತಳು.

‘ಸಾರ್, ಒಂದ್ ಡೌಟು. ಹಿತ್ಲಲ್ಲಿ ಗಿಡಕ್ಕೆ ನೀರ್ ಬಿಡೋವಾಗ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದ್ರೆ ನೀರು ದೂರ ಚಿಮ್ತದೆ. ಹೆಬ್ಬೆಟ್ಟನ್ನ ನೋವಾಗೋ ಹಂಗೆ ತಳ್ತದೆ. ಸಣ್ಣ ಮಾಡಿದ್ರೆ ಪ್ರೆಶರ್ ಇಳೀತದೆ ಅಂದ್ರಿ. ಇಳಿದಿದ್ರೆ ಯಾಕ್ ಸಾರ್ ತಳ್ತದೆ?’

ಒಳ್ಳೆಯ ಪ್ರಶ್ನೆ. ಪೈಪು ಹಿಡಿದು ಗಿಡಕ್ಕೆ ನೀರು ಬಿಟ್ಟವರಿಗೆಲ್ಲ ಬರಬೇಕಾದ ಪ್ರಶ್ನೆ. ರಾಮಲಿಂಗಯ್ಯನವರು ಹಾಳೆ ನೋಡಿದರು. ಹಾಳೆಯಲ್ಲಿ ಹೆಬ್ಬೆಟ್ಟು ಇರಲಿಲ್ಲ.

‘ನಿಮ್ಮಪ್ಪ ಏನ್ ಮಾಡ್ತಾನಮ್ಮ?’

‘ಬೊಂಬೆ ಕಡೀತಾರೆ ಸಾರ್.’

‘ಬುಗುರಿಗೆ ಬಣ್ಣ ಹಚ್ಕೊಂಡು ಮನೇಲಿರೋದ್ ಬುಟ್ಟು ಇಲ್ಲಿಗ್ಯಾಕ್ ಬಂದೆ? ಹೆಬ್ಬೆಟ್ಟಿನ ಲೆಕ್ಕ ಎಲ್ಲ ಹೆಬ್ಬೆಟ್ಟು ಒತ್ತೋರಿಗೆ. ಇಲ್ಲಿರೋದು ಬರ್ನೌಲಿ. ಕೂತ್ಕೊ.’

ತರಗತಿ ಗೊಳ್ಳೆಂದು ನಕ್ಕಿತು. ಅಂದಿನಿಂದ ಆ ಹುಡುಗಿಗೆ ಹೆಬ್ಬೆಟ್ಟು ಎಂದೇ ಹೆಸರು ಬಿತ್ತು. ಅಕ್ಷರ ಬಾರದವರನ್ನು ಕರೆಯುವ ಹೆಸರು, ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳಿಗೆ.

ರಾಮಲಿಂಗಯ್ಯನವರ ಬಗ್ಗೆ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವರೂ ಒಮ್ಮೆ ಕೈ ಎತ್ತಿದ್ದರು. ತೂಬಿನ ಬಾಗಿಲನ್ನು ನೀರು ಒತ್ತುವುದನ್ನು ಮಾತ್ರ ಲೆಕ್ಕ ಹಾಕುತ್ತೇವೆ, ಮೇಲಿನ ಗಾಳಿಯೂ ಒತ್ತುತ್ತದಲ್ಲ, ಅದನ್ನು ಯಾಕೆ ಬಿಟ್ಟೆವು ಎಂದು ಕೇಳಿದ್ದರು. ಗಾಳಿ ಬಾಗಿಲಿನ ಎರಡೂ ಬದಿಯಿಂದ ಸಮನಾಗಿ ಒತ್ತುತ್ತದೆ, ಹಾಗಾಗಿ ಅದು ಹೊಡೆದುಹೋಗುತ್ತದೆ ಎಂದರೆ ಮುಗಿಯುತ್ತಿತ್ತು. ಆ ಪ್ರೊಫೆಸರು, ‘ಯಾವೂರಯ್ಯ ನಿಂದು? ಕೋಡಿಹಳ್ಳಿಯೇ? ಅಲ್ಲಿ ಗಾಳಿ ಬೀಸುತ್ತೇನಯ್ಯ?’ ಎಂದು ಕೇಳಿ ತರಗತಿಯನ್ನು ನಗಿಸಿದರು. ಈ ಕಥೆಯನ್ನು ರಾಮಲಿಂಗಯ್ಯನವರೇ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ ಹೇಳುತ್ತಿದ್ದರು. ಹೇಳುವಾಗ ಮುಖ ಕೆಂಪಾಗುತ್ತಿತ್ತು. ಕೇಳಿದವರಿಗೆ ಅಯ್ಯೋ ಅನ್ನಿಸುತ್ತಿತ್ತು. ಆದರೆ ಕಾಫಿ ಮುಗಿಸಿ ಎದ್ದು ಹೋಗಿ ಅದೇ ನಗುವನ್ನು ಮಕ್ಕಳಿಗೆ ಹಂಚುತ್ತಿದ್ದ ಮನುಷ್ಯನ ಮೇಲೆ ಎಷ್ಟು ಹೊತ್ತು ಕನಿಕರ ಇಟ್ಟುಕೊಳ್ಳುವುದು?

ಆ ವರ್ಷವೇ ಹಾಸ್ಟೆಲಿನ ನೀರಿನ ರಗಳೆ ಶುರುವಾಯಿತು. ಮೇಲಿನ ಮಹಡಿಯ ಬಚ್ಚಲುಮನೆಗಳಲ್ಲಿ ನಲ್ಲಿ ತಿರುಗಿಸಿದರೆ ದಾರದಂತೆ ನೀರು ಬರುತ್ತಿತ್ತು. ಹುಡುಗರು ಗಲಾಟೆ ಮಾಡಿದರು. ಬೈರಪ್ಪ ಅಳಿಯನನ್ನು ಕರೆಸಿದರು.

‘ನೀನು ನೀರಿನ ಮೇಷ್ಟ್ರಲ್ವೇನ್ಲಾ? ಏನಾಗೈತೆ ನೋಡು.’

ರಾಮಲಿಂಗಯ್ಯನವರು ಟೆರೇಸು ಹತ್ತಿ, ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇಳಿದು ಬಂದರು. ‘ಟ್ಯಾಂಕು ಸಣ್ಣದು ಮಾವ. ನೀರು ಜಾಸ್ತಿ ನಿಂತ್ರೆ ಭಾರ ಜಾಸ್ತಿ. ಭಾರ ಜಾಸ್ತಿ ಆದ್ರೆ ಪ್ರೆಶರ್ ಜಾಸ್ತಿ. ದೊಡ್ಡದೊಂದು ಕಟ್ಸಿ.’

ಬೈರಪ್ಪ ಕಟ್ಟಿಸಿದರು. ಹಳೆಯ ಟ್ಯಾಂಕಿನ ಪಕ್ಕದಲ್ಲೇ, ಅದೇ ಟೆರೇಸಿನ ಮೇಲೆ, ಅದೇ ಎತ್ತರಕ್ಕೆ, ಮದುವೆ ಚಪ್ಪರದಷ್ಟು ಅಗಲವಾಗಿ ಒಂದು ಟ್ಯಾಂಕು ಎದ್ದಿತು. ಕಾಲೇಜಿನ ಹೆಸರನ್ನು ಹೆದ್ದಾರಿಗೂ ಕಾಣುವ ಹಾಗೆ ಅದರ ಮೇಲೆ ಬರೆಸಿದರು.

ಅದು ಏಳುತ್ತಿದ್ದಾಗಲೇ ನಡುವರ್ಷದ ಪರೀಕ್ಷೆ ಹತ್ತಿರ ಬಂದು, ತರಗತಿಯಲ್ಲಿ ಮೊದಲ ಅಧ್ಯಾಯದ ರಿವಿಷನ್ ನಡೆದಿತ್ತು. ‘ನಿಂತ ನೀರಿನ ಒತ್ತಡವು ಆಳವನ್ನು ಅವಲಂಬಿಸಿರುತ್ತದೆ, ಕಾಮಾ, ಪಾತ್ರೆಯ ಅಗಲವನ್ನಲ್ಲ, ಫುಲ್‌ಸ್ಟಾಪ್’ ಎಂದು ರಾಮಲಿಂಗಯ್ಯನವರು ಓದಿದರು. ದಿಲ್ಶಾದ್ ಬರೆಯುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದಳು.

‘ಸಾರ್, ಹಂಗಾದ್ರೆ ಆ ಟ್ಯಾಂಕು?’

ಈ ಸಲ ಯಾರೂ ನಗಲಿಲ್ಲ. ತಲೆಗಳೆಲ್ಲ ಕಿಟಕಿಯ ಕಡೆ ತಿರುಗಿದವು. ಸಾರುವೆಯ ಮೇಲೆ ನಿಂತ ಮೇಸ್ತ್ರಿ ಅಗಲದ ಗೋಡೆಗೆ ಗಾರೆ ಬಳಿಯುತ್ತಿದ್ದ.

‘ಇದು ಥಿಯರಿ,’ ಎಂದರು ರಾಮಲಿಂಗಯ್ಯನವರು. ‘ಅದು ಪ್ರಾಕ್ಟಿಕಲ್. ಎದ್ದು ಆಚೆ ಹೋಗು.’

ಅವಳು ಆಚೆ ಹೋದಳು.

ಟ್ಯಾಂಕಿನ ಉದ್ಘಾಟನೆ ಶಾಮಿಯಾನ ಹಾಕಿ ನಡೆಯಿತು. ರಾಮನಗರದಿಂದ ಬಂದಿದ್ದ ಮುಖ್ಯ ಅತಿಥಿಯನ್ನು ಮೇಲಿನ ಮಹಡಿಗೆ ಹತ್ತಿಸಿ, ಸೇವಂತಿಗೆ ಹಾರ ಸುತ್ತಿದ ನಲ್ಲಿಯನ್ನು ಅವರ ಕೈಯಿಂದ ತಿರುಗಿಸಿದರು. ದಾರ. ಮೊದಲಿದ್ದಷ್ಟೇ ಸಣ್ಣ ದಾರ. ಅತಿಥಿ ಕೈಯೊಡ್ಡಿ ಒಂದಿಷ್ಟು ಹಿಡಿದು, ತೀರ್ಥದಂತೆ ಕಣ್ಣಿಗೊತ್ತಿಕೊಂಡು, ನಗುತ್ತ ಊಟಕ್ಕೆ ನಡೆದರು.

‘ಪೈಪಲ್ಲಿ ಗಾಳಿ ಕಟ್ಕೊಂಡೈತೆ ಮಾವ,’ ಎಂದರು ರಾಮಲಿಂಗಯ್ಯನವರು. ‘ಒಸಿ ದಿನ ಆದ್ರೆ ಬುಟ್ಕತದೆ.’

ಬಿಟ್ಟುಕೊಳ್ಳಲಿಲ್ಲ. ಆಗ ಅವರಿಗೆ ಎರಡನೆಯ ಬುದ್ಧಿ ಹೊಳೆಯಿತು. ಪೈಪು ಸಣ್ಣದಾದರೆ ವೇಗ ಹೆಚ್ಚು ಎಂದು ತಾವೇ ಬರೆಸಿದ್ದರಲ್ಲ, ಇದ್ದ ಪೈಪನ್ನು ಕೀಳಿಸಿ ಅದಕ್ಕಿಂತ ಸಣ್ಣ ಪೈಪು ಹಾಕಿಸಿದರು. ಇದ್ದ ದಾರವೂ ಹೋಗಿ ತೊಟ್ಟಿಕ್ಕತೊಡಗಿತು. ಹುಡುಗರು ಟವೆಲು ಸುತ್ತಿಕೊಂಡು ಪಂಪ್‌ಹೌಸಿನ ತೊಟ್ಟಿಯ ಸುತ್ತ ನಿಂತು ಸ್ನಾನ ಮಾಡಿದರು. ರಸ್ತೆಯಲ್ಲಿ ಹೋಗುವ ಬಸ್ಸಿನವರು ಇಣುಕಿ ನೋಡಿ ಸಿಳ್ಳೆ ಹಾಕುತ್ತಿದ್ದರು.

ತಪ್ಪು ಯಾರದೋ ಒಬ್ಬರದಾಗಬೇಕಿತ್ತು. ದಿಲ್ಶಾದ್ ಟ್ಯಾಂಕಿನ ಬಗ್ಗೆ ಇಲ್ಲಸಲ್ಲದ್ದು ಹಬ್ಬಿಸಿ ಹಾಸ್ಟೆಲ್ ಹುಡುಗರನ್ನು ಎತ್ತಿಕಟ್ಟುತ್ತಿದ್ದಾಳೆ ಎಂದು ರಾಮಲಿಂಗಯ್ಯನವರು ಬೈರಪ್ಪನವರ ಕಿವಿ ಊದಿದರು. ಅಸದುಲ್ಲಾರಿಗೆ ಕರೆ ಹೋಯಿತು. ಅವರು ಕೆಲಸದ ಅಂಗಿಯಲ್ಲೇ, ತೋಳಿಗೆ ಮೆತ್ತಿದ ಮರದ ಹೊಟ್ಟನ್ನು ಕೊಡವುತ್ತ ಬಂದು ಬೈರಪ್ಪನವರ ಮೇಜಿನ ಮುಂದೆ ನಿಂತರು. ಪಕ್ಕದಲ್ಲಿ ದಿಲ್ಶಾದ್.

‘ನಿಮ್ಮ ಮಗಳು ಕ್ಲಾಸಲ್ಲಿ ಅಧಿಕಪ್ರಸಂಗ ಮಾಡ್ತಾಳೆ,’ ಎಂದರು ರಾಮಲಿಂಗಯ್ಯನವರು.

‘ಮಾಡಿದ್ರೆ ತಪ್ಪೇ ಸಾರ್. ಏನ್ ಮಾಡಿದ್ಲು?’

‘ಬೇಡದ ಪ್ರಶ್ನೆ ಕೇಳ್ತಾಳೆ.’

‘ಏನು ಕೇಳಿದ್ಲು, ಒಸಿ ಹೇಳಿ ಸಾರ್. ಬೇಡದ್ದೇ ಆದ್ರೆ ಇಲ್ಲೇ ನಿಮ್ಮ ಮುಂದೇನೇ ಬೈತೀನಿ.’

ರಾಮಲಿಂಗಯ್ಯನವರು ಬಾಯಿ ತೆರೆದರು. ಪ್ರಶ್ನೆ ಹೇಳಿದರೆ ಉತ್ತರವನ್ನೂ ಹೇಳಬೇಕಾಗುತ್ತದೆ ಎಂದು ಆಗ ಹೊಳೆದಿರಬೇಕು. ಬೈರಪ್ಪ ಓದಿದವರಲ್ಲ, ಆದರೆ ದಡ್ಡರೂ ಅಲ್ಲ. ಅಳಿಯನ ಮುಖವನ್ನು ನೋಡುತ್ತಲೇ ಇದ್ದರು.

‘ಹೇಳ್ಲಾ. ಏನ್ ಕೇಳ್ತು ಆ ಮಗ?’

‘ಅದು ಸಿಲಬಸ್‌ನಾಗಿಲ್ಲ ಮಾವ.’

ಬೈರಪ್ಪ ನಿಟ್ಟುಸಿರು ಬಿಟ್ಟು, ‘ಹೋಗ್ಬನ್ನಿ ಸಾಬ್ರೆ, ಏನಿಲ್ಲ’ ಎಂದು ಅಸದುಲ್ಲಾರನ್ನು ಕಳಿಸಿಕೊಟ್ಟರು. ನಂಟಸ್ತಿಕೆ ದೊಡ್ಡದು, ಅಳಿಯನಿಗೆ ಒಂದು ಮಾತೂ ಅನ್ನಲಿಲ್ಲ. ಗೇಟಿನ ಹೊರಗೆ ಬಂದಮೇಲೆ ಅಸದುಲ್ಲಾ ಮಗಳನ್ನು ಕೇಳಿದರು, ‘ಅಂಥದ್ದೇನು ಕೇಳ್ದೆ ಬೇಟಾ?’ ಅವಳು ಹೇಳಿದಳು. ಅವರು ರಸ್ತೆಬದಿ ನಿಂತು ಯೋಚಿಸಿ, ‘ನಂಗೂ ಗೊತ್ತಿಲ್ಲ. ಆದ್ರೆ ಕೇಳ್ಬೇಕಾದ್ದೇ’ ಎಂದರು.

ಉತ್ತರ ಸಿಕ್ಕಿದ್ದು ವರ್ಷದ ಕೊನೆಯ ಮೌಖಿಕ ಪರೀಕ್ಷೆಯಲ್ಲಿ. ಹೊರಗಿನ ಪರೀಕ್ಷಕರಾಗಿ ಸರ್ಕಾರಿ ಪಾಲಿಟೆಕ್ನಿಕ್‌ನಿಂದ ಮುನಿರತ್ನಮ್ಮ ಎಂಬ ಉಪನ್ಯಾಸಕಿ ಬಂದಿದ್ದರು. ಒಳಗಿನ ಪರೀಕ್ಷಕರಾಗಿ ರಾಮಲಿಂಗಯ್ಯನವರು ಅವರ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಮುನಿರತ್ನಮ್ಮ ಕೇಳಿದ್ದಕ್ಕೆಲ್ಲ ದಿಲ್ಶಾದ್ ಉತ್ತರ ಹೇಳಿದಳು. ಅವರು ನಕ್ಕು, ‘ನೀನೇನಾದರೂ ಕೇಳಬೇಕಾ?’ ಎಂದರು. ಅವರು ಮಾತಿಗೆ ಕೇಳಿದ್ದು. ಈ ಹುಡುಗಿ ಹೆಬ್ಬೆಟ್ಟಿನ ಪ್ರಶ್ನೆಯನ್ನು ಮತ್ತೆ ಕೇಳಿಯೇಬಿಟ್ಟಳು. ರಾಮಲಿಂಗಯ್ಯನವರ ಬಿಸ್ಕತ್ತು ಬಾಯಲ್ಲೇ ನಿಂತಿತು.

ಮುನಿರತ್ನಮ್ಮ ಕುರ್ಚಿ ಮುಂದೆಳೆದುಕೊಂಡರು. ‘ನಾನೂ ಓದುವಾಗ ಇದನ್ನೇ ಕೇಳಿದ್ದೆ ಕಣೆ. ನೋಡು, ಹೆಬ್ಬೆಟ್ಟು ಇಟ್ಟಾಗ ಹರಿಯೋ ನೀರೇ ಕಡಿಮೆಯಾಗುತ್ತೆ. ಕಡಿಮೆ ನೀರು ಹರಿದರೆ, ಅಷ್ಟುದ್ದದ ಪೈಪಿನ ಗೋಡೆಗೆ ಉಜ್ಜಿ ಕಳೆದುಹೋಗೋ ಒತ್ತಡವೂ ಕಡಿಮೆ. ಹಾಗೆ ಉಳಿದದ್ದು ನಿನ್ನ ಹೆಬ್ಬೆಟ್ಟಿನ ಹಿಂದೆ ಬಂದು ನಿಲ್ಲುತ್ತೆ. ಅದೇ ನಿನ್ನನ್ನ ತಳ್ಳೋದು. ಸಂದಿ ದಾಟುವಾಗ ಅದೇ ವೇಗ ಆಗೋದು.’

‘ಹಂಗಾದ್ರೆ ಬರ್ನೌಲಿ ಹೇಳಿದ್ದು?’

‘ಅವನು ಹರೀತಿರೋ ಒಂದೇ ನೀರಿನಲ್ಲಿ ಎರಡು ಜಾಗ ಹೋಲಿಸ್ತಾನೆ. ನೀನು ಹೆಬ್ಬೆಟ್ಟು ಇಟ್ಟಾಗಿನ ಹರಿವನ್ನ, ಇಡದಾಗಿನ ಹರಿವಿಗೆ ಹೋಲಿಸ್ತಿದೀಯ. ಎರಡೂ ಬೇರೆ ಬೇರೆ. ಅವನೂ ಸರಿ, ನಿನ್ನ ಹೆಬ್ಬೆಟ್ಟೂ ಸರಿ.’

ದಿಲ್ಶಾದ್ ಮುಖ ಅರಳಿತು. ‘ಅಂದ್ರೆ ಹಾಸ್ಟೆಲಿಗೆ ದಪ್ಪ ಪೈಪು ಹಾಕ್ಬೇಕಿತ್ತು ಅಲ್ವಾ ಮೇಡಂ? ಉಜ್ಜೋದು ಕಮ್ಮಿ ಆಗ್ತಿತ್ತು.’

‘ಯಾವ ಹಾಸ್ಟೆಲ್?’

‘ಅದೇನಿಲ್ಲ ಮೇಡಂ,’ ರಾಮಲಿಂಗಯ್ಯನವರು ಗಡಬಡಿಸಿ ಬಿಸ್ಕತ್ತು ನುಂಗಿದರು. ‘ಇದನ್ನೆಲ್ಲ ನಾನು ಕ್ಲಾಸಲ್ಲೇ ಹೇಳಿದ್ದೆ. ಈ ಹುಡುಗಿ ಗಮನ ಕೊಟ್ಟಿಲ್ಲ ಅಷ್ಟೆ.’

ದಿಲ್ಶಾದ್ ಅವರನ್ನು ನೇರವಾಗಿ ನೋಡಿದಳು. ‘ಹೇಳಿರಲಿಲ್ಲ ಸಾರ್,’ ಎಂದಳು. ಮುನಿರತ್ನಮ್ಮ ಇಬ್ಬರ ಮುಖವನ್ನೂ ನೋಡಿ, ಬೇರೇನೂ ಕೇಳದೆ ಮಾರ್ಕ್ಸ್ ಹಾಕಿದರು.

ಆ ಬೇಸಿಗೆಯಲ್ಲಿ ಬೈರಪ್ಪ ಮೈಸೂರಿನಿಂದ ಕೆಲಸದವರನ್ನು ಕರೆಸಿ, ಅವರು ಹೇಳಿದಂತೆ ಹಾಸ್ಟೆಲಿಗೆ ದಪ್ಪ ಪೈಪು ಹಾಕಿಸಿದರು. ಮೇಲಿನ ನಲ್ಲಿಯಲ್ಲಿ ಧೋ ಎಂದು ನೀರು ಸುರಿಯಿತು. ‘ನೋಡಿದ್ರಾ ಮಾವ, ಗಾಳಿ ಬುಟ್ಕಂತು’ ಎಂದರು ರಾಮಲಿಂಗಯ್ಯನವರು.

ದಿಲ್ಶಾದ್ ಡಿಪ್ಲೊಮಾ ಮುಗಿಸಿ, ಕನಕಪುರದಲ್ಲಿ ನೀರು ಸರಬರಾಜಿನ ಕೆಲಸಕ್ಕೆ ಸೇರಿದಳು. ಮಾಗಡಿಗೂ ಒಮ್ಮೆ ವರ್ಗವಾಗಿ ಹೋಗಿ ಬಂದಳು. ನೀರು ಬಾರದ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ಜಗಳಕ್ಕೆ ಬಂದರೆ ಅವರನ್ನು ಕೂರಿಸಿ, ಯಾಕೆ ಬರುತ್ತಿಲ್ಲವೆಂದು ಪೈಪಿನ ಚಿತ್ರ ಬರೆದು ತೋರಿಸುತ್ತಾಳಂತೆ. ಅರ್ಧ ಜನ ಅದಕ್ಕೂ ಬೈದು ಹೋಗುತ್ತಾರೆ.

ರಾಮಲಿಂಗಯ್ಯನವರು ಕಾಲಕ್ರಮದಲ್ಲಿ ಪ್ರಿನ್ಸಿಪಾಲರಾದರು. ಬೇರೇನು ಆಗಲು ಸಾಧ್ಯವಿತ್ತು? ಬೀಳ್ಕೊಡುಗೆಯ ದಿನ ಶಾಲು ಹೊದ್ದು ಮೈಕಿನ ಮುಂದೆ ನಿಂತು, ತಮ್ಮ ಇಡೀ ಸೇವೆಯಲ್ಲಿ ಒಬ್ಬ ವಿದ್ಯಾರ್ಥಿಯೂ ಡೌಟು ಇಟ್ಟುಕೊಂಡು ಕ್ಲಾಸಿನಿಂದ ಎದ್ದು ಹೋಗಲಿಲ್ಲ ಎಂದರು. ಮಾತು ಒಂದು ಬಗೆಯಲ್ಲಿ ನಿಜವೇ. ಡೌಟು ಇಟ್ಟುಕೊಂಡವರನ್ನು ಅವರೇ ಎಬ್ಬಿಸಿ ಕಳಿಸುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು.

ಈಗ ಕೋಡಿಹಳ್ಳಿಯಲ್ಲಿದ್ದಾರೆ. ಬೆಳಗಾದರೆ ಹೋಟೆಲಿನ ಮುಂದಿನ ಬೆಂಚಿನಲ್ಲಿ ಕೂತು, ಕಾವೇರಿಗೆ ಎಲ್ಲಿ ಹೇಗೆ ಅಣೆಕಟ್ಟು ಕಟ್ಟಬೇಕೆಂದು ಬಂದವರಿಗೆಲ್ಲ ವಿವರಿಸುತ್ತಾರೆ. ಬೋರಮ್ಮ ಹಸು ಕರೆದು, ಹಾಲು ಡೈರಿಗೆ ಹಾಕಿ, ಅದೇ ದಾರಿಯಲ್ಲಿ ವಾಪಸು ಬರುವಾಗಲೂ ಅವರ ಮಾತು ಮುಗಿದಿರುವುದಿಲ್ಲ. ಆಕೆ ನಿಲ್ಲದೆ ಮನೆಗೆ ಹೋಗುತ್ತಾಳೆ.