ಕೇಳದೆ ಒಳಗೆ ಹೋಗದ ಮಾಸ್ಟರು

ಹೊಸ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದರೆ ಒಂದು ವಾಸನೆ ಏಳುತ್ತದೆ. ಗಂಜಿ, ನೀಲಿ ಬಣ್ಣ, ಲಾರಿಯ ಟಾರ್ಪಾಲು ಎಲ್ಲ ಸೇರಿದ ವಾಸನೆ. ರಾಯದುರ್ಗದಲ್ಲಿ ಹುಟ್ಟಿ ಬೆಳೆದ ನನ್ನ ಮೂಗಿಗೆ ಅದು ದಿನಾ ಇರುವುದೇ. ಹೋದ ತಿಂಗಳು ಹಾಗೆ ಥಾನು ಬಿಚ್ಚುತ್ತಿರುವಾಗ ಪಕ್ಕದ ಮೇಜಿನವರು, ನಮ್ಮ ಹಳೆಯ ಕಟಿಂಗ್ ಮಾಸ್ಟರು ಮಡಕಶಿರಾದಲ್ಲಿ ತೀರಿಕೊಂಡರಂತೆ ಎಂದರು. ಬಟ್ಟೆಯನ್ನು ಹಾಗೇ ಬಿಟ್ಟು ಕುಳಿತುಬಿಟ್ಟೆ. ಈಗ ಆ ವಾಸನೆ ಬಂದರೆ ಸಾಕು, ಮಾಸ್ಟರು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ ಹಾಗಾಗುತ್ತದೆ.

ಎಂಟು ವರ್ಷದ ಹಿಂದಿನ ಮಾತು. ಕೋಟೆ ಬೆಟ್ಟದ ಕೆಳಗಿನ ಓಣಿಯೊಂದರ ಜೀನ್ಸ್ ಯೂನಿಟ್ಟಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಬಿಲ್ಲು, ಲೇಬಲ್ಲು, ಅಳತೆಯ ಚೀಟಿ ನನ್ನ ಕೆಲಸ. ಮಾಸ್ಟರು ಬಟ್ಟೆ ಕತ್ತರಿಸುವವರು. ಮೂಲ ರೊಳ್ಳದ ಕಡೆಯವರು, ಹೆಂಡತಿ ಮಡಕಶಿರಾದ ಮನೆಯಲ್ಲಿ, ಇವರು ಇಲ್ಲಿ. ಐವತ್ತು ದಾಟಿತ್ತು. ಹಿಗ್ಗುವ ಜೀನ್ಸ್ ಬಟ್ಟೆಯನ್ನು ಥಾನಿನಿಂದ ಬಿಚ್ಚಿದ ಕೂಡಲೇ ಕತ್ತರಿಸುವ ಹಾಗಿಲ್ಲ. ಬಿಗಿಯಾಗಿ ಸುತ್ತಿಸಿಕೊಂಡು ಬಂದಿರುತ್ತದೆ, ಮೇಜಿನ ಮೇಲೆ ಹರಡಿ ಅರ್ಧ ದಿನ ಬಿಡಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಪ್ಯಾಂಟು ಗಿಡ್ಡವಾಗುತ್ತದೆ. ಬಟ್ಟೆ ಸುಧಾರಿಸಿಕೊಳ್ಳುವ ಆ ಹೊತ್ತಿನಲ್ಲಿ ಮಾಸ್ಟರಿಗೆ ಕೆಲಸವಿರುತ್ತಿರಲಿಲ್ಲ. ಬಂದು ನನ್ನ ಕಂಪ್ಯೂಟರಿನ ಪಕ್ಕ ಕೂರುತ್ತಿದ್ದರು.

ಅದರಲ್ಲಿ ಯಾರೋ ಹಾಕಿಟ್ಟು ಹೋದ ಒಂದು ಆಟವಿತ್ತು. ಕತ್ತಿ ಹಿಡಿದ ವೀರನೊಬ್ಬ ಊರೂರು ಸುತ್ತಿ ಕೊನೆಗೆ ರಾಕ್ಷಸನ ಕೋಟೆ ಸೇರಬೇಕು. ಶುರುವಿನಲ್ಲೇ ಆಟ ಕೇಳುತ್ತದೆ: ನಿನ್ನ ವೀರ ಒಳ್ಳೆಯವನೋ, ಕೆಟ್ಟವನೋ, ನಡುವಿನವನೋ? ನಾನು ಒಳ್ಳೆಯವನು ಎಂದು ಆರಿಸಿದ್ದೆ. ಆರಿಸಿ, ಸಿಕ್ಕ ಸಿಕ್ಕ ಮನೆಗೆ ನುಗ್ಗಿ, ಮಡಕೆ ಒಡೆದು, ಪೆಟ್ಟಿಗೆ ತೆರೆದು ಇದ್ದದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದೆ. ಮನೆಯವರು ಅಲ್ಲೇ ನಿಂತಿದ್ದರೂ ಬೆನ್ನು ತಿರುಗಿಸಿದ್ದರೆ ಸಾಕು, ಕೇಳುವವರಿಲ್ಲ. ಕದ್ದಷ್ಟೂ ವೀರನ ಬಲ ಹೆಚ್ಚುತ್ತಿತ್ತು. ಹೆಸರಿನ ಮುಂದೆ ಮಾತ್ರ 'ಒಳ್ಳೆಯವನು' ಎಂದೇ ಇರುತ್ತಿತ್ತು! ಆಟ ಮಾಡಿದವರೇ ಹಾಗೆ ಮಾಡಿದ್ದಾರೆ, ನನಗೇನು ಎಂದುಕೊಂಡಿದ್ದೆ.

ಮಾಸ್ಟರೂ ಒಬ್ಬ ವೀರನನ್ನು ಶುರು ಮಾಡಿದರು. ಅವರೂ ಒಳ್ಳೆಯವನು ಎಂದೇ ಆರಿಸಿದರು. ಆಮೇಲೆ ನೋಡಬೇಕಿತ್ತು ಅವರ ಪಾಡು. ಪ್ರತಿ ಮನೆಯ ಬಾಗಿಲಲ್ಲೂ ವೀರನನ್ನು ನಿಲ್ಲಿಸಿ, ಪರದೆಯ ಕಡೆ ಬಗ್ಗಿ, "ಯಾರಮ್ಮಾ ಒಳಗೆ?" ಎಂದು ನಿಜವಾಗಿಯೂ ಕೂಗುತ್ತಿದ್ದರು. ಮೆಷಿನ್ನಿನ ಮುಂದೆ ಕೂತ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟು ನಗುತ್ತಿದ್ದರು. ಉತ್ತರ ಬರುವಂತಿಲ್ಲವಲ್ಲ, ಸ್ವಲ್ಪ ಹೊತ್ತು ಕಾದು ವೀರನನ್ನು ತಿರುಗಿಸಿಕೊಂಡು ಹೊರಟುಬಿಡುತ್ತಿದ್ದರು. ಪಾಳು ಕೋಟೆ, ಗುಹೆಗಳಲ್ಲಿ ಸಿಕ್ಕಿದ್ದನ್ನು ಮಾತ್ರ ಎತ್ತಿಕೊಳ್ಳುತ್ತಿದ್ದರು. ಅವರ ಊರ ಕಡೆ ಕಡಲೆಕಾಯಿ ಕಿತ್ತು, ಹೊಲದವರು ಗಾಡಿ ಹೊಡೆದುಕೊಂಡು ಹೋದ ಮೇಲೆ ಮಣ್ಣಲ್ಲಿ ಉಳಿದದ್ದನ್ನು ಯಾರು ಬೇಕಾದರೂ ಆಯಬಹುದಂತೆ, ಅದು ಹಕ್ಕಲು. ಗಾಡಿ ಹೋಗುವ ಮೊದಲು ಒಂದು ಕಾಯಿ ಮುಟ್ಟಿದರೂ ಕಳವು. ಆಟಕ್ಕೂ ಅದೇ ಕಾನೂನು ಹಾಕಿಕೊಂಡಿದ್ದರು.

ಒಂದು ಸಲ ಎಡವಟ್ಟಾಯಿತು. ಆಟದ ಹೆಂಗಸೊಬ್ಬಳು ಬಾಗಿಲಲ್ಲೇ ಎದುರಾಗಿ, ಬನ್ನಿ, ನಿಮ್ಮ ಮನೆ ಅಂತಲೇ ತಿಳಿಯಿರಿ ಎಂದಳು. ಇಂಗ್ಲಿಷಿನಲ್ಲಿದ್ದದ್ದನ್ನು ನಾನೇ ಓದಿ ಹೇಳಿದೆ. ಮಾಸ್ಟರು ಹಿಗ್ಗಿಹೋದರು, ಕೊನೆಗೂ ಒಬ್ಬರು ಕರೆದರಲ್ಲ! ಒಳಗೆ ಮೇಜಿನ ಮೇಲೆ ರೊಟ್ಟಿ ಇತ್ತು. ಕರೆದವರ ಮನೆಯಲ್ಲಿ ಏನೂ ಮುಟ್ಟದೆ ಎದ್ದರೆ ಅವರಿಗೆ ಬೇಜಾರಾಗುವುದಿಲ್ಲವೇ? ಆಕೆಯ ಕಣ್ಣೆದುರೇ ಒಂದು ರೊಟ್ಟಿ ತೆಗೆದುಕೊಂಡರು. ಹೆಂಗಸು ಕಳ್ಳ ಕಳ್ಳ ಎಂದು ಕಿರುಚಿದಳು, ಕಾವಲಿನವರು ಬಂದು ಸುತ್ತುವರಿದರು. ಆಟ ಮೂರು ದಾರಿ ತೋರಿಸಿತು: ಓಡಿಹೋಗಬಹುದು, ಲಂಚ ಕೊಡಬಹುದು, ಇಲ್ಲವೇ ಜೈಲಿಗೆ ಹೋಗಬಹುದು. ಜೈಲಿಗೆ ಹೋದರೆ ಕಷ್ಟಪಟ್ಟು ಗಳಿಸಿದ ಬಲವೆಲ್ಲ ಕರಗುತ್ತದೆ. "ಓಡ್ರಿ ಮಾಸ್ಟರ್, ಓಡ್ರಿ!" ಎಂದು ಕೂಗಿಕೊಂಡೆ. ಅವರು ಜೈಲು ಒತ್ತಿದರು.

"ಯಾಕ್ರಿ ಮಾಸ್ಟರ್? ತಪ್ಪು ನಿಮ್ದಲ್ಲಲ್ರಿ. ಅಲ್ದ ಇದು ಬರೇ ಆಟ," ಎಂದೆ.

"ಆಟಾನೇ ಕಣಮ್ಮಾ. ಒಳ್ಳೇನು ಅಂತ ಆರಿಸ್ಕಂಡೋನು ನಾನಲ್ವಾ? ಆರಿಸ್ಕಂಡ ಮ್ಯಾಲೆ ಹಂಗೇ ಆಡ್ಬೇಕು," ಎಂದರು.

ಅವರ ವೀರ ಕಡೆಯವರೆಗೂ ಬಡಕಲಾಗಿಯೇ ಇದ್ದ, ಕೈಯಲ್ಲಿ ಮೊದಲ ದಿನದ ಮರದ ಕತ್ತಿ. ವಿಚಿತ್ರವೆಂದರೆ, ನಮ್ಮಿಬ್ಬರ ವೀರರಿಗೂ ಆ ಊರಿನ ಜನ ಹೇಳುತ್ತಿದ್ದ ಮಾತು ಒಂದೇ, ತೋರುತ್ತಿದ್ದ ಮರ್ಯಾದೆ ಒಂದೇ. ಇವರು ಕದಿಯಲಿಲ್ಲ ಎಂಬುದು ಆಟಕ್ಕೆ ತಿಳಿಯುತ್ತಲೇ ಇರಲಿಲ್ಲ. ಮಾಸ್ಟರಿಗೆ ಅದರ ಪರಿವೆಯೇ ಇಲ್ಲ. ಯಾರ ಲೆಕ್ಕಕ್ಕೂ ಬಾರದ ಒಳ್ಳೆಯತನವನ್ನು ಅಷ್ಟು ಖುಷಿಯಿಂದ ನಡೆಸಿಕೊಂಡು ಹೋದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈಗ ನನ್ನ ವಿಷಯಕ್ಕೆ ಬರಬೇಕು. ನನಗೆ ಫರ್ಮಾ ಮಾಡುವುದನ್ನು ಕಲಿಯುವ ಆಸೆ. ಪ್ಯಾಂಟಿನ ಒಂದೊಂದು ಭಾಗದ ಅಳತೆಗೆ ಕತ್ತರಿಸಿದ ರಟ್ಟಿಗೆ ಫರ್ಮಾ ಎನ್ನುತ್ತಾರೆ. ಅದನ್ನಿಟ್ಟು ಗೆರೆ ಎಳೆದು ಬಟ್ಟೆ ಕತ್ತರಿಸುವುದು. ಎರಡು ಓಣಿ ಆಚೆಯ ಯೂನಿಟ್ಟಿನ ಪ್ಯಾಂಟು ಸೊಂಟಕ್ಕೆ ಕೂರುವ ಹಾಗೆ ನಮ್ಮದು ಕೂರುತ್ತಿರಲಿಲ್ಲ. ನಮ್ಮ ಓನರು ದಿನಾ ಅದನ್ನೇ ಕೊರಗುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಲೇಬಲ್ಲಿನ ಪಾರ್ಸೆಲ್ಲು ತಪ್ಪಿ ಅಲ್ಲಿಗೆ ಹೋಗಿತ್ತೆಂದು ತರಲು ಹೋದೆ. ಎಲ್ಲರೂ ಹಿತ್ತಿಲಲ್ಲಿ ಊಟಕ್ಕೆ ಕೂತಿದ್ದರು. ಸೊಂಟದ ಫರ್ಮಾ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಚೀಲಕ್ಕೆ ಹಾಕಿಕೊಂಡೆ. ಆಟವನ್ನು ದೂರುವುದಿಲ್ಲ, ಕೈ ನನ್ನದು.

ಓನರಿಗಿಂತ ಮೊದಲು ಮಾಸ್ಟರಿಗೆ ತೋರಿಸಿದೆ, ಶಭಾಷ್ ಎನ್ನುತ್ತಾರೆಂದು. ತಿರುವಿ ತಿರುವಿ ನೋಡಿ, "ಕೇಳಿ ತಂದ್ಯೇನಮ್ಮಾ?" ಎಂದರು. "ಯಾರೂ ಇರ್ಲಿಲ್ರಿ," ಎಂದೆ. ಮಾಸ್ಟರು ಅದನ್ನು ಪೇಪರಿನಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅಲ್ಲಿನ್ನೂ ಊಟದಿಂದ ಯಾರೂ ಎದ್ದಿರಲಿಲ್ಲ. ಸದ್ದಿಲ್ಲದೆ ಒಳಗೆ ಹೋಗಿ ಮೊಳೆಗೆ ಹಾಕಿ ಬಂದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಬಾಗಿಲಲ್ಲಿ ನಿಂತು, ಯಾರಿದ್ದೀರಪ್ಪಾ ಒಳಗೆ ಎಂದು ಕೂಗಿದರಂತೆ. ಹಿತ್ತಿಲಿಂದ ಕೈ ತೊಳೆಯದೆ ಎದ್ದು ಬಂದವರಿಗೆ ಕಂಡದ್ದು, ತಮ್ಮ ಫರ್ಮಾ ಹಿಡಿದು ನಿಂತ ಬೇರೆ ಯೂನಿಟ್ಟಿನ ಮಾಸ್ಟರು.

ಯಾರು ಕದ್ದದ್ದು ಎಂದು ಎಷ್ಟು ಕೇಳಿದರೂ, "ತಪ್ಪಾಗೈತೆ, ವಾಪಸ್ ತಂದಿವ್ನಿ," ಎನ್ನುವುದು ಬಿಟ್ಟು ಬೇರೆ ಹೇಳಲಿಲ್ಲ. ಸಂಜೆಯೊಳಗೆ ಓಣಿ ತುಂಬ ಸುದ್ದಿ. ನಮ್ಮ ಓನರು ಮರ್ಯಾದೆ ಹೋಯಿತೆಂದು ಕುದ್ದುಹೋಗಿ, "ನಾಳಿಂದ ಬರಬ್ಯಾಡ್ರಿ ಮಾಸ್ಟರ್," ಎಂದುಬಿಟ್ಟರು.

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಈಗ ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಕಳ್ಳಿ ಅನ್ನಿಸಿಕೊಂಡ ಹುಡುಗಿಯನ್ನು ಊರಿನ ಬೇರೆ ಯಾವ ಯೂನಿಟ್ಟಿನವರೂ ಸೇರಿಸುತ್ತಿರಲಿಲ್ಲ. ಅವರು ಕತ್ತರಿ ಒರೆಸಿಟ್ಟು ನನ್ನ ಕಡೆ ತಿರುಗಿದರು. "ಮೇಜಿನ ಮ್ಯಾಲಿರೋ ಬಟ್ಟೆ ಇನ್ನೂ ಸುಧಾರಿಸ್ಕಂಡಿಲ್ಲ. ಬೆಳಿಗ್ಗೆ ತಂಕ ಕುಯ್ಯಬ್ಯಾಡಿ ಅನ್ನು," ಎಂದರು. ಅಷ್ಟೇ. ನಾನು ಬಾಯಿ ಬಿಡಲಿಲ್ಲ. ಹೆದರಿದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಏನು ಬಂತು?

ನಾಳೆ ಹೇಳೋಣ, ಮುಂದಿನ ವಾರ ಹೇಳೋಣ, ಮದುವೆಯೊಂದು ಆಗಿಬಿಡಲಿ... ಹೀಗೇ ವರ್ಷಗಳು ಹೋದವು. ಫರ್ಮಾ ಮಾಡುವುದನ್ನು ಕಲಿತೆ, ಈಗ ಅದೇ ನನ್ನ ಕೆಲಸ. ಮಾಸ್ಟರು ಮನೆ ಮುಂದೆ ಮೆಷಿನ್ನು ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಾರೆಂದು ಕೇಳಿದ್ದೆ. ಇಲ್ಲಿ ಅವರ ಮಾತು ಬಂದಾಗ, ಓ ಆ ಫರ್ಮಾ ಕಳ್ಳನಾ, ಎನ್ನುವವರಿದ್ದರು. ಆಗೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಹೋದ ತಿಂಗಳು ಸುದ್ದಿ ಕೇಳಿದ ದಿನವೇ ಎರಡು ಓಣಿ ಆಚೆಯ ಆ ಯೂನಿಟ್ಟಿನವರ ಹತ್ತಿರ ಹೋಗಿ, ಅಂದು ಕದ್ದವಳು ನಾನು ಎಂದೆ. "ಹೋಗ್ಲಿ ಬಿಡ್ರಿ, ಹಳೇ ಮಾತು," ಎಂದರು. ಅವರಿಗೆ ಹಳೆಯದು. ಮೊನ್ನೆ ಎರಡು ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋದೆ. ಮಾಸ್ಟರ ಹೆಂಡತಿ ಬಾಗಿಲಲ್ಲಿ ಕೂತು, ಅವರು ಅರ್ಧಕ್ಕೆ ಬಿಟ್ಟ ಚಡ್ಡಿಯೊಂದಕ್ಕೆ ಗುಂಡಿ ಹಾಕುತ್ತಿದ್ದರು. ನಾನು ಯಾರು ಎಂದು ಹೇಳಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಕೇಳಿಸಿಕೊಳ್ಳಬೇಕಾದವರು ಇಲ್ಲದ ಮನೆಯಲ್ಲಿ ಅದೆಲ್ಲ ಎಷ್ಟು ಸಲೀಸಾಗಿ ಬಾಯಿಂದ ಬಂತು...

ಆಕೆ ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದರು.

"ಗೊತ್ತಮ್ಮಾ. ಬಂದ ದಿವ್ಸಾನೇ ಹೇಳಿದ್ರು. ಆ ಹುಡುಗಿ ತಾನಾಗೇ ಬಂದು ಹೇಳ್ತಾಳೆ, ಅಲ್ಲೀಗಂಟ ನೀನು ಯಾರ ತಾವೂ ಈ ಮಾತು ಎತ್ತಬ್ಯಾಡ ಅಂದಿದ್ರು. ಮೊದಮೊದಲು ರಾಯದುರ್ಗದ ಕಡೆಯಿಂದ ಬಸ್ಸು ಬರೋ ಹೊತ್ಗೆ ಎದ್ದು ರೋಡ್ ನೋಡೋರು. ಇಷ್ಟು ತಡ ಮಾಡ್ತಾಳೆ ಅಂತ ಮಾತ್ರ ಹೇಳಿರ್ಲಿಲ್ಲ."