ಪ್ರಯಾಗಕ್ಕ ಹೇಳದೇ ಹೋದದ್ದು

ನಮ್ಮ ಮುರುಮ್ ಊರಿನ ಜನಕ್ಕೆ ಒಂದು ರೋಗವಿದೆ. ಪಕ್ಕದ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಗೊತ್ತಾಗದಿದ್ದರೆ ಇವರಿಗೆ ಉಂಡ ರೊಟ್ಟಿ ಅರಗುವುದಿಲ್ಲ. ಅಂಥ ಊರಿನಲ್ಲಿ ನನ್ನ ನೆಗೆಣ್ಣಿ ಪ್ರಯಾಗಬಾಯಿ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದಳು. ಮಹಾರಾಷ್ಟ್ರ ರಾಜ್ಯವಾದ ವರ್ಷ ಸತ್ತಳು, ಹೇಳದೆಯೇ ಸತ್ತಳು. ಭೇಷ್ ಮಾಡಿದಳು!

ಅವಳು ನನ್ನ ಗಂಡ ಮನ್ಮಥಪ್ಪನವರ ಅಣ್ಣನ ಹೆಂಡತಿ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ಮರುವರ್ಷ ಭಾವ ಜ್ವರ ಬಂದು ತೀರಿಕೊಂಡರು. ಆಮೇಲೆ ಅವಳಿಗೆ ಹಗಲೆಲ್ಲ ದುಡಿತ: ಬೀಸುವುದು, ಕೇರುವುದು, ನಮ್ಮ ಅಡತಿ ಅಂಗಡಿಗೆ ಕಾಳು ಮಾರಲು ಬಂದವರಿಗೆಲ್ಲ ರೊಟ್ಟಿ ಬಡಿಯುವುದು. ತನ್ನದು ಎಂಬುದು ಬೆಳಗಿನ ಲಿಂಗಪೂಜೆಯೊಂದೇ. ಪೂಜೆಯ ಕೋಣೆಯ ಬಾಗಿಲು ಮುಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿಂದ ನಗು ಕೇಳಿಸುತ್ತಿತ್ತು, ಹೊಟ್ಟೆ ತುಂಬ ನಗು.

ಗಂಡ ಸತ್ತವಳು ನಗುವುದೆಂದರೇನು! ಎದುರುಮನೆಯ ಶೇವಂತಾಬಾಯಿ ದೆವ್ವ ಬಡಿದಿದೆ ಎಂದಳು. ನನ್ನ ಗಂಡ ಪ್ರಯಾಗಕ್ಕನಿಗೆ ಬೈದರು. ಆದರೆ ಅವಳು ಜೋರಾಗಿ ನಕ್ಕ ಒಂದು ದಿನ ತೊಗರಿ ಮಾರಿದ ರೈತನೊಬ್ಬ ಲಾಭ ಮಾಡಿಕೊಂಡ, ಮರುವಾರ ಧಾರಣೆ ಬಿತ್ತು. ಮುಗಿಯಿತು. ಪ್ರಯಾಗಬಾಯಿಗೆ ಅಂಗೈಯಲ್ಲಿ ಮುಂದಿನದೆಲ್ಲ ಕಾಣುತ್ತದೆ ಎಂದು ಪೇಟೆಯವರು ತೆಂಗಿನಕಾಯಿ ಹಿಡಿದುಕೊಂಡು ಬರತೊಡಗಿದರು. ಮೂಢರು! ಬೈಯುತ್ತಿದ್ದ ನನ್ನ ಗಂಡ ಈಗ ಮೀಸೆ ತೀಡಿದರು.

ಹೈದರಾಬಾದ್ ರಾಜ್ಯ ಒಡೆಯುವ ಸುದ್ದಿ ಹಬ್ಬಿದಾಗ ಉದಗೀರಿನ ದೊಡ್ಡ ವ್ಯಾಪಾರಿ ಕಲ್ಯಾಣಪ್ಪ ಬಂದರು. ಹೊಸ ರಾಜ್ಯಗಳ ಗಡಿ ಯಾವ ಕಡೆ ಬೀಳುತ್ತದೆ, ಗೋದಾಮು ಎಲ್ಲಿ ಕಟ್ಟಿಸಬೇಕು ಎಂದು ಅವಳನ್ನು ಕೇಳಬೇಕಂತೆ. ನನ್ನ ಗಂಡ ಪೂಜೆಯ ಕೋಣೆಗೆ ಕೀಲಿ ಹಾಕಿ, ಅತ್ತಿಗೆಯನ್ನು ಪಡಸಾಲೆಗೆ ಕರೆದರು.

"ವೈನಿ, ಅಂಗೈಯಾಗ ಏನ ಕಾಣಸ್ತದ, ಸಾವಕಾರರ ಮುಂದ ಹೇಳ್ರಿ. ಹೇಳ್ಲಿಲ್ಲಂದ್ರ ನಾಳಿಂದ ನಿಮ್ಮ ಪೂಜಿ ಇಲ್ಲೇ, ಎಲ್ಲಾರ ಕಣ್ಣ ಮುಂದ."

ಆ ಬಾಗಿಲು ಹೋದರೆ ಅವಳಿಗೆ ಇನ್ನೇನು ಉಳಿಯಿತು? ಆದರೆ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಗಡಿ ಗಿಡಿ ನನಗ ಕಾಣೂದಿಲ್ರಿ. ಕಾಣೂದು ಬ್ಯಾರೆ ಅದ, ಅದು ನಂದು. ರೊಟ್ಟಿ ಬಡದ ಹಾಕ್ತೀನಿ, ಜ್ವಾಳಾ ಹಸನ ಮಾಡ್ತೀನಿ. ಇದೊಂದು ಕೊಡೂದಿಲ್ಲ."

ಕಲ್ಯಾಣಪ್ಪನವರು ಹೆಂಗಸರ ಕಿವಿಯಲ್ಲಾದರೂ ಹೇಳಲಿ ಎಂದರು. ನನ್ನ ಗಂಡ ನನ್ನ ಕಡೆ ತಿರುಗಿ, ನಿನಗೆ ಹೇಳಿರುತ್ತಾಳೆ, ಬಾಯಿ ಬಿಡು ಎಂದರು. ಖರೇ ಹೇಳಬೇಕೆಂದರೆ ಅವಳು ನನಗೂ ಹೇಳಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ನನ್ನ ಬಾಯಿಗೆ ಬೆಲ್ಲದ ಚೂರು ತುರುಕಿದ್ದಳು, ಅಷ್ಟೇ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಗಂಡನ ಮುಖ ನೋಡುತ್ತ ನಿಂತಾಗ ಬೇರೆಯೇ ಸಿಟ್ಟು ಬಂತು. ಹಿಟ್ಟು ನಾದುತ್ತ ನಾದುತ್ತ ನಾನು ಮನಸ್ಸಿನಲ್ಲೇ ಎಲ್ಲೆಲ್ಲಿಗೆ ಹೋಗಿ ಬರುತ್ತೇನೆ, ಯಾರೊಡನೆ ಜಗಳಾಡಿ ಗೆಲ್ಲುತ್ತೇನೆ, ಈ ಮನುಷ್ಯನಿಗೇನು ಗೊತ್ತು? ಅದಷ್ಟೂ ಇಲ್ಲದಿದ್ದರೆ ನಾನು ಈ ಮನೆಯ ಬೀಸುವ ಕಲ್ಲೇ ಆಗಿರುತ್ತಿದ್ದೆ.

"ಆಕಿ ನನಗ ಹೇಳಿಲ್ರಿ. ಹೇಳಿದ್ರೂ ನಾ ನಿಮಗ ಹೇಳ್ತಿದ್ದಿಲ್ಲ. ಇಷ್ಟ ವರ್ಷ ಸಂಸಾರ ಮಾಡೀರಿ, ನನ್ನ ಮನಸ್ಸಿನ್ಯಾಗ ಏನದ ಅಂತ ಒಂದರ ದಿನಾ ಕೇಳೀರೇನು?"

ಪರ ಊರಿನವರ ಎದುರಿಗೆ! ಕಲ್ಯಾಣಪ್ಪನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಗಂಡ ಗೂಟಕ್ಕೆ ತೂಗುಹಾಕಿದ್ದ ಕೀಲಿಕೈಯನ್ನು ನಾನು ತೆಗೆದು ಪ್ರಯಾಗಕ್ಕನ ಕೈಯಲ್ಲಿಟ್ಟೆ. ನನ್ನ ಗಂಡ ಆ ಹೊತ್ತು ಉಣ್ಣಲಿಲ್ಲ. ಉಣ್ಣದಿದ್ದರೆ ಬಿಡಲಿ, ನಾವಿಬ್ಬರೂ ಉಂಡೆವು.

ಮರುದಿನ ಬೆಳಿಗ್ಗೆ ಕೋಣೆಯೊಳಗಿಂದ ನಗು ಬಂತು. ನಾನು ಒಲೆಯ ಮುಂದಿದ್ದೆ. ನನ್ನ ಗಂಡ ಅಡುಗೆಮನೆಯ ಹೊಸ್ತಿಲ ತನಕ ಬಂದು, ಕೆಳದನಿಯಲ್ಲಿ, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರು. ಮದುವೆಯಾದ ಮೇಲೆ ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

"ಭಾಳ ಅದರಿ," ಎಂದೆ. "ಹೇಳೂದಿಲ್ಲ."