ಎರಡನೇ ಸೀಸನ್ನಿನ ಸೊಟ್ಟ ಕಂಬಗಳು

ನಮ್ಮ ಮನೆಯಲ್ಲಿ ಟೀವಿಗೆ ಒಂದು ಹೊತ್ತು ಗೊತ್ತುಮಾಡಿಟ್ಟಿದ್ದೇನೆ. ಸಂಜೆ ದೇವರಿಗೆ ದೀಪ ಹಚ್ಚಿ, ಹಾಲು ಕಾಯಿಸಿಟ್ಟು, ಬಾಗಿಲ ಚಿಲಕ ನೋಡಿ ಬಂದ ಮೇಲೆ ಟೀವಿ ಹಾಕುವುದು. ಊಟಕ್ಕೆ ತಟ್ಟೆ ಇಡುವ ಮೊದಲು ಆರಿಸುವುದು. ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಹಾಸಿಗೆಯ ಹೊದಿಕೆಯ ಮಡಿಕೆ ಸರಿಯಿಲ್ಲದಿದ್ದರೆ ತಿಂಡಿ ಕೊಡುತ್ತಿರಲಿಲ್ಲ. ಅಲ್ಲಿ ಬಂದ ಶಿಸ್ತು ಮನೆಗೂ ಬಂತು. ಬೇಡ ಎನ್ನಲು ಯಜಮಾನರಿಗೆ ಅವಕಾಶ ಸಿಗಲಿಲ್ಲ.

ಆ ಹೊತ್ತಿನಲ್ಲಿ ನಾವಿಬ್ಬರೂ ನೋಡುವುದು ಜಪಾನಿನ ಅನಿಮೆ ಧಾರಾವಾಹಿಗಳನ್ನು. ಪಾರ್ಕಿಗೆ ವಾಕಿಂಗ್ ಬರುವ ಹೆಂಗಸರಿಗೆ ಇದನ್ನು ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಸೆಯರು ಒಬ್ಬರ ಕಾಫಿಗೆ ಇನ್ನೊಬ್ಬರು ವಿಷ ಹಾಕುವ ಧಾರಾವಾಹಿಗಳನ್ನು ಅವರು ನೋಡುತ್ತಾರೆ. ಹೋಲಿಸಿದರೆ ನಮ್ಮದೇ ವಾಸಿ.

ಇದಕ್ಕೆ ಕಾರಣ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ. ಧಾರವಾಡದ ಕಡೆಯವಳು, ಬಿಳೇಕಹಳ್ಳಿಯ ಹತ್ತಿರ ಒಂದು ಆಫೀಸಿನಲ್ಲಿ ಕೆಲಸ. ಒಂದು ಭಾನುವಾರ ಅವಳ ಮನೆಯಲ್ಲಿ ನೆಟ್ ಇಲ್ಲವೆಂದು ಕೆಳಗೆ ಬಂದು ನಮ್ಮ ಟೀವಿಯಲ್ಲೇ ಹಾಕಿಕೊಂಡು ಕೂತಳು. ನಾನು, "ಇಷ್ಟು ದೊಡ್ಡವಳಾಗಿ ಕಾರ್ಟೂನ್ ನೋಡ್ತೀಯಲ್ಲಮ್ಮ" ಎಂದೆ.

"ಕಾರ್ಟೂನ್ ಅನಬ್ಯಾಡ್ರಿ ಆಂಟಿ. ಇದು ಅನಿಮೆ. ಇದರಾಗ ಸತ್ತೋರು ಖರೇನೇ ಸತ್ತಿರ್ತಾರ."

ಅಷ್ಟರಲ್ಲಿ ಪೇಪರ್ ಹಿಡಿದು ಒಳಗೆ ಹೋಗುತ್ತಿದ್ದ ಯಜಮಾನರು ಟೀವಿಯ ಮುಂದೆ ನಿಂತುಬಿಟ್ಟರು. ಪರದೆಯ ಮೇಲೆ ಒಂದು ಬೀದಿ, ಸಾಲು ಹೆಂಚಿನ ಮನೆ, ಮೇಲೆ ಕರೆಂಟಿನ ತಂತಿಗಳು. ಇವರು ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುತ್ತಿದ್ದವರು. ಕಂಪ್ಯೂಟರ್ ಬರುವವರೆಗೂ ಎಲ್ಲ ಕೈಯಲ್ಲೇ.

"ಒಂಚೂರು ಅಲ್ಲೇ ನಿಲ್ಸಮ್ಮ" ಎಂದರು. ಹತ್ತಿರ ಹೋಗಿ ನೋಡಿದರು. "ಇದನ್ನ ಬರೆದಿರೋನು ಸ್ಕೇಲ್ ಹಿಡಿದು ಬೆಳೆದಿರೋನು ಕಣೆ."

ಅಂದಿನಿಂದ ಇವರು ಗೆರೆಗಾಗಿ ನೋಡುತ್ತಾರೆ, ನಾನು ಜನರಿಗಾಗಿ ನೋಡುತ್ತೇನೆ. ಕೆಳಗೆ ಇಂಗ್ಲಿಷಿನಲ್ಲಿ ಬರುವ ಸಾಲುಗಳನ್ನು ಇಬ್ಬರೂ ಓದಿಕೊಳ್ಳುತ್ತಿದ್ದೆವು.

ನೋಡಿದ್ದರ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಒಳ್ಳೆಯದು ಮೊದಲು. ದಿನನಿತ್ಯದ ಕೆಲಸವನ್ನು ಇಷ್ಟು ಮರ್ಯಾದೆಯಿಂದ ತೋರಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕಿ ತೊಳೆದ ನೀರು ತಿಳಿಯಾಗುವವರೆಗೆ ತೋರಿಸುತ್ತಾರೆ. ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸುತ್ತಾರೆ. ಮನೆಗೆ ಬಂದವರು ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿ ಜೋಡಿಸಿಡುತ್ತಾರೆ. ಮಾತಿಲ್ಲದೆ ಕೂರುವುದಕ್ಕೂ ಜಾಗ ಕೊಡುತ್ತಾರೆ. ನಮ್ಮ ಧಾರಾವಾಹಿಗಳಲ್ಲಿ ಒಬ್ಬರು ಸುಮ್ಮನಿದ್ದರೆ ತಬಲ ಬಾರಿಸಲು ಶುರುಮಾಡುತ್ತಾರೆ.

ಇನ್ನು ದೋಷಗಳು. ಕಿರುಚಾಟ ವಿಪರೀತ. ಹೊಡೆದಾಟದ ಕಥೆಗಳಲ್ಲಿ ಹೊಡೆಯುವವನು ತಾನು ಯಾವ ಏಟು ಹೊಡೆಯುತ್ತೇನೆ, ಅದನ್ನು ಯಾರಿಂದ ಕಲಿತೆ ಎಂದು ಎದುರಾಳಿಗೆ ಪಾಠ ಮಾಡಿ ಆಮೇಲೆ ಹೊಡೆಯುತ್ತಾನೆ. ಆ ಇನ್ನೊಬ್ಬ ಅಲ್ಲಿಯವರೆಗೆ ಕಾಯುತ್ತಾನೆ. ಏಟು ಬೀಳುವಷ್ಟರಲ್ಲಿ ನಮ್ಮ ಊಟದ ಹೊತ್ತು. ಜಗತ್ತನ್ನು ಉಳಿಸುವ ಕೆಲಸವೆಲ್ಲ ಹೈಸ್ಕೂಲು ಮಕ್ಕಳದ್ದು; ಅಪ್ಪ ಅಮ್ಮ ಸತ್ತಿರುತ್ತಾರೆ, ಇಲ್ಲವೇ ಪರವೂರಿನಲ್ಲಿರುತ್ತಾರೆ. ಹೆಣ್ಣುಮಕ್ಕಳ ಲಂಗವನ್ನು ಗಿಡ್ಡ ಮಾಡಿ, ಅದು ಸಾಲದೆಂದು ಗಾಳಿ ಬೀಸಿಸುತ್ತಾರೆ. ಅದನ್ನು ಬರೆದವನ ಕಿವಿ ಹಿಂಡಬೇಕು. ಆಸ್ಪತ್ರೆಯ ದೃಶ್ಯಗಳನ್ನಂತೂ ನನಗೆ ಸಹಿಸಲು ಆಗುವುದಿಲ್ಲ. ಶಸ್ತ್ರಚಿಕಿತ್ಸೆಯಾದವನ ಪಕ್ಕದಲ್ಲೇ ಕಿಟಕಿ ತೆರೆದಿರುತ್ತದೆ, ಪರದೆ ಹಾರಾಡುತ್ತಿರುತ್ತದೆ. ಪಕ್ಕೆಲುಬು ಮುರಿದವನು ಡ್ರಿಪ್ಪು ಕಿತ್ತುಹಾಕಿ ಓಡುತ್ತಾನೆ, ಒಬ್ಬ ನರ್ಸೂ ತಿರುಗಿ ನೋಡುವುದಿಲ್ಲ. ನನ್ನ ವಾರ್ಡಿನಲ್ಲಾಗಿದ್ದರೆ ಅವನು ಬಾಗಿಲು ದಾಟುತ್ತಿರಲಿಲ್ಲ.

ನಾವಿಬ್ಬರೂ ತಕರಾರಿಲ್ಲದೆ ಮೆಚ್ಚಿದ್ದು ಒಂದೇ ಒಂದು. ಸಮುದ್ರದ ಪಕ್ಕದ ಸಣ್ಣ ರೈಲು ನಿಲ್ದಾಣ. ಅಲ್ಲಿ ಕೆಲಸಕ್ಕಿರುವ ಒಬ್ಬ ನಡುವಯಸ್ಸಿನ ಹೆಂಗಸು. ಅಲ್ಲಿ ಇಳಿಯುವ, ಹತ್ತುವ ಜನ. ಅಷ್ಟೇ ಕಥೆ. ಅದರ ಎರಡನೇ ಸೀಸನ್ ಬಂದಿದೆ ಎಂದು ಮೇಲಿನ ಹುಡುಗಿ ಹೇಳಿದಾಗ ಇವರು ಮಧ್ಯಾಹ್ನದ ನಿದ್ದೆ ಬಿಟ್ಟು ಕಾದರು.

ಎರಡು ಕಂತು ನೋಡುವಷ್ಟರಲ್ಲಿ ಇವರ ಮುಖ ಗಂಟಿಕ್ಕಿತು.

"ಡ್ರಾಯಿಂಗ್ ಕೆಡಿಸಿಬಿಟ್ರು ಕಣೆ."

"ಏನಾಯ್ತು?"

"ಕಂಬ ನೋಡು, ಎಲ್ಲಾ ಸೊಟ್ಟ. ಹಳಿ ಮಧ್ಯದಲ್ಲಿ ಹೊಟ್ಟೆ ಬಂದಿದೆ. ಮೊದಲು ಬರೆದೋರನ್ನ ಬಿಡಿಸಿ ಯಾರಿಗೋ ಕಡಿಮೆ ರೇಟಿಗೆ ಕೊಟ್ಟಿದಾರೆ. ನಮ್ಮ ಫ್ಯಾಕ್ಟರಿಯಲ್ಲೂ ಹಿಂಗೇ ಮಾಡಿದ್ರು."

ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಹೂಂಗುಟ್ಟಿದೆ. ನನ್ನ ದೂರು ಬೇರೆಯಿತ್ತು: ಕಥೆಯನ್ನು ಸುಮ್ಮನೆ ಎಳೆಯುತ್ತಿದ್ದರು, ಆ ಹೆಂಗಸಿಗೆ ಬೇಡದ ಒಬ್ಬ ತಮ್ಮನನ್ನು ತಂದು ಸೇರಿಸಿದ್ದರು. ಮರುದಿನವೂ ಇವರು ಅದೇ ಮಾತು ಹೇಳಿದರು. ಅದರ ಮಾರನೆಯ ದಿನ ಬಾಡಿಗೆ ಹುಡುಗಿ ಬಂದಾಗ ಅವಳ ಮುಂದೆಯೂ ದೂರಿಟ್ಟರು.

ಅವಳು ಟೀವಿಯನ್ನು ನಿಟ್ಟಿಸಿ ನೋಡಿದಳು. "ಎಲ್ಲಿ ಸೊಟ್ಟ ಐತ್ರಿ ಅಂಕಲ್? ನೆಟ್ಟಗ ಐತಲ್ರಿ."

"ನಿಮ್ಮ ಕಾಲದೋರಿಗೆ ಲೈನ್ ಎಲ್ಲಮ್ಮ ಗೊತ್ತಾಗತ್ತೆ" ಎಂದು ಇವರು ನಕ್ಕರು.

ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದೆ. ಟೀವಿಯ ಹತ್ತಿರ ಹೋಗಿ ನೋಡಿದೆ. ಕಂಬಗಳು ನೆಟ್ಟಗಿದ್ದವು. ಹಳಿಯೂ ನೆಟ್ಟಗಿತ್ತು. ಇವರ ಬಲಗಣ್ಣು ಹಲವು ವರ್ಷಗಳ ಹಿಂದೆಯೇ ಮಂದವಾಗಿತ್ತು, ನೋಡುವುದೆಲ್ಲ ಎಡಗಣ್ಣಿನಿಂದ. ನಾನು ಟೀವಿ ನಿಲ್ಲಿಸಿ, ಇವರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ.

"ರೀ, ಆ ಸರಳು ನೋಡಿ. ಹೇಗಿದೆ?"

ಇವರು ಕತ್ತು ಚಾಚಿ ಸರಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ, "ಅದ್ಯಾವಾಗ ಬಗ್ಗಿತು?" ಎಂದರು.

ಮರುದಿನ ಬೆಳಿಗ್ಗೆಯೇ ಜಯನಗರದ ಕಣ್ಣಿನ ಆಸ್ಪತ್ರೆಗೆ ಹೋದೆವು. ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಸ್ಪಷ್ಟ. ಎಡಗಣ್ಣಿನ ಹಿಂದಿನ ಪದರದಲ್ಲಿ ಸಣ್ಣ ರಕ್ತನಾಳಗಳು ಸೋರುತ್ತಿವೆ. ಕಣ್ಣೊಳಗೆ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಕೆಲವು ಸಲ. ಬೇಗ ಕೊಟ್ಟಷ್ಟೂ ದೃಷ್ಟಿ ಉಳಿಯುತ್ತದೆ, ಹೋದದ್ದು ಮರಳಿ ಬರುವ ಭರವಸೆ ಇಲ್ಲ ಎಂದರು.

"ಕಣ್ಣೊಳಗಾ?" ಎಂದರು ಇವರು.

"ಹೌದು ಸಾರ್. ಮೊದಲು ಡ್ರಾಪ್ಸ್ ಹಾಕಿ ಮರಗಟ್ಟಿಸ್ತೀವಿ. ಗೊತ್ತೇ ಆಗಲ್ಲ."

ಇವರು ಎದ್ದು, ಕೊಡೆ ತೆಗೆದುಕೊಂಡು, ಡಾಕ್ಟರಿಗೆ ನಮಸ್ಕಾರ ಮಾಡಿ ಹೊರಗೆ ನಡೆದರು. ಆಟೋದಲ್ಲಿ ಮನೆಯ ತಿರುವು ಬರುವವರೆಗೆ ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತಿದ್ದರು. ಆಮೇಲೆ ಹೇಳಿದರು: "ಕೈಗೆ ಕೊಡಲಿ, ಸೊಂಟಕ್ಕೆ ಕೊಡಲಿ. ಕಣ್ಣಿಗೆ ಸೂಜಿ ಬೇಡ. ಈ ಮಾತು ಇಲ್ಲಿಗೆ ಬಿಟ್ಬಿಡು."

ನನ್ನ ಕೆಲಸದಲ್ಲಿ ಎಷ್ಟು ಜನರಿಗೆ ಸೂಜಿ ಚುಚ್ಚಿದ್ದೇನೋ ಲೆಕ್ಕವಿಲ್ಲ. ನನ್ನ ಗಂಡ ಮಾತ್ರ ತುಕ್ಕು ಮೊಳೆ ತುಳಿದಾಗಲೂ ನನ್ನ ಕೈಯಿಂದ ಚುಚ್ಚಿಸಿಕೊಳ್ಳದೆ, ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗಿ, ಅಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದವರು.

ಕೆಲವೇ ದಿನಗಳಲ್ಲಿ ಟೀವಿಯ ಕೆಳಗಿನ ಸಾಲುಗಳು ಇವರಿಗೆ ಕಾಣದಾದವು. ನಡುವೆ ಮಸಿ ಬಿದ್ದ ಹಾಗಿದೆ ಎಂದರು. ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳತೊಡಗಿದೆ. ಡ್ಯೂಟಿ ಮುಗಿಸುವಾಗ ಮುಂದಿನ ಸಿಸ್ಟರಿಗೆ ರೋಗಿಯ ಸ್ಥಿತಿ ಹೇಳುವ ಹಾಗೆ, ಬೇಕಾದಷ್ಟು ಮಾತ್ರ ಹೇಳುವುದು ನನ್ನ ಅಭ್ಯಾಸ.

"ಅವಳ ತಮ್ಮ ದುಡ್ಡು ಕೇಳ್ತಿದಾನೆ. ಅವಳು ಇಲ್ಲ ಅಂದ್ಲು. ತಪ್ಪು ಅವನದೇ."

"ಅವಳು ಏನಂದ್ಲು ಅಂತ ಅಷ್ಟೂ ಹೇಳೇ. ತಪ್ಪು ಯಾರದು ಅಂತ ನಾನು ನೋಡ್ಕೋತೀನಿ."

"ಇವನು ಬರೀ ಹಳೇದನ್ನೇ ನೆನಸಿಕೊಳ್ತಿದಾನೆ. ಮೊನ್ನೆ ತೋರಿಸಿದ್ದೇ. ಓದಲ್ಲ."

"ಸಿಸ್ಟರ್ ಅವ್ರೇ, ನೀವು ಓದೋದು ಕಮ್ಮಿ, ಬೈಯೋದು ಜಾಸ್ತಿ."

ಹೀಗೆ ನಗುನಗುತ್ತಲೇ ಸಂಜೆಗಳು ಕಳೆಯುತ್ತಿದ್ದವು. ನನಗೆ ಒಳಗೆ ನೆಮ್ಮದಿ ಇರಲಿಲ್ಲ. ನಾನು ಓದುತ್ತಿರುವುದರಿಂದಲೇ ಇವರಿಗೆ ಆಸ್ಪತ್ರೆ ಬೇಡವಾಗಿದೆ, ನನ್ನ ಓದಿನ ಆಸರೆಯಲ್ಲಿ ಒಳಗೆ ಕಣ್ಣು ಸೋರುತ್ತಿದೆ ಎಂದು ಗೊತ್ತಿತ್ತು. ಪೇಪರ್ ಓದುವುದನ್ನು ಬಿಟ್ಟಿದ್ದರು. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಯಾವುದು, ಜೀರಿಗೆ ಯಾವುದು ಎಂದು ಮುಟ್ಟಿ ನೋಡುತ್ತಿದ್ದರು. ದಿನವೂ ಬಿ.ಪಿ. ಮಾತ್ರೆ ಕೊಡುವಾಗ, "ನೋವಾಗಲ್ಲ ರೀ, ಯಾವತ್ತು ಹೋಗೋಣ?" ಎಂದು ಕೇಳುತ್ತಿದ್ದೆ. "ನೋಡೋಣ" ಎನ್ನುತ್ತಿದ್ದರು. ಓದುವುದನ್ನು ನಿಲ್ಲಿಸಿಬಿಟ್ಟರೆ ದಾರಿಗೆ ಬರಬಹುದೆಂದು ಎರಡು ಸಲ ಯೋಚಿಸಿದೆ. ದಿನಕ್ಕೆ ಇವರಿಗಿದ್ದ ಸುಖ ಅದೊಂದೇ. ಅದನ್ನು ಕಿತ್ತುಕೊಳ್ಳಲು ಕೈ ಬರಲಿಲ್ಲ.

ಒಂದು ಸಂಜೆಯ ಕಂತಿನಲ್ಲಿ ಆ ಹೆಂಗಸು ಕೊನೆಯ ರೈಲನ್ನು ಕಳಿಸಿ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತಳು. ಮಾತಿಲ್ಲ. ಓದಲು ಏನೂ ಇಲ್ಲದ್ದರಿಂದ ನಾನೂ ಸುಮ್ಮನೆ ಕೂತೆ.

"ಏನಾಗ್ತಿದೆ?" ಎಂದರು ಇವರು.

"ಏನೂ ಇಲ್ಲ."

"ಏನೂ ಇಲ್ದೆ ಇಷ್ಟೊತ್ತು ತೋರಿಸ್ತಾರಾ?"

"ಸ್ಟೇಷನ್ ತೋರಿಸ್ತಿದಾರೆ."

"ಹೇಗಿದೆ?"

"ಕ್ಲೀನಾಗಿದೆ."

"ಕ್ಲೀನಾಗಿದೆ ಅಂದ್ರೇನೇ? ಬೆಳಕು ಯಾವ ಕಡೆಯಿಂದ ಬಿದ್ದಿದೆ? ಚಾವಣಿ ಗೆರೆ, ಹಳಿ ಗೆರೆ, ಎರಡೂ ದೂರದಲ್ಲಿ ಎಲ್ಲಿ ಸೇರ್ತವೆ?"

ನಾನು ಪ್ರಯತ್ನಪಟ್ಟೆ. ಇವರಿಗೆ ಪಾಠ ಕಲಿಸಬೇಕೆಂದು ಬೇಕಂತಲೇ ತಡವರಿಸಿದ್ದಲ್ಲ. ನಿಜವಾಗಿಯೂ ನನಗೆ ಹೇಳಲು ಬರಲಿಲ್ಲ. "ನೆರಳು ಎಡಗಡೆ ಇದೆ. ಆಕಾಶ ಒಂಥರಾ ಕೆಂಪಗಿದೆ. ತಂತಿ ಮೇಲೆ ಒಂದು ಹಕ್ಕಿ ಇದೆ."

"ಯಾವ ಹಕ್ಕಿ?"

"ಕಾಗೆ ಇರ್ಬೇಕು."

"ಇರ್ಬೇಕಾ?"

ಇವರು ಎದ್ದರು. ಟೀವಿಯ ಮುಂದೆ ಹೋಗಿ, ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ಹುಡುಕಿದರು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಹಳಿಯ ಜಾಡು ಹಿಡಿದು ಪರದೆಯ ಮೇಲೆ ಬೆರಳು ಎಳೆದರು. ಬೆರಳು ಹಳಿ ಬಿಟ್ಟು ಸಮುದ್ರಕ್ಕೆ ಹೋಯಿತು. ಅದು ತಪ್ಪಿದೆ ಎಂದು ನಾನು ಹೇಳಲಿಲ್ಲ. ಮುಕ್ತಾಯದ ಹಾಡು ಬರುವವರೆಗೆ ಅಲ್ಲೇ ನಿಂತಿದ್ದರು.

ತಟ್ಟೆ ಇಡುವಾಗ ಕೇಳಿದರು: "ನಾಳೆ ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರೆ?"

ಹೇಳಿದೆ.

"ನೀನೂ ಒಳಗೆ ಬರ್ಬೇಕು."

"ಒಳಗೆ ಯಾರನ್ನೂ ಬಿಡಲ್ಲ ರೀ."

"ಸೂಪರಿಂಟೆಂಡೆಂಟು ಅನ್ನು. ಹೆದರ್ಕೊಂಡು ಬಿಡ್ತಾರೆ."

ಬಿಡಲಿಲ್ಲ. ಅಲ್ಲಿನ ಸಿಸ್ಟರ್, ನನಗೆ ಮಗಳಾಗುವ ವಯಸ್ಸಿನವಳು, "ಮೇಡಂ, ನೀವು ಹೊರಗಡೆ ಕೂತ್ಕೊಳ್ಳಿ" ಎಂದು ಬಾಗಿಲು ಹಾಕಿದಳು. ಸರಿಯಾಗಿಯೇ ಮಾಡಿದಳು, ನಾನೂ ಹಾಗೇ ಮಾಡುತ್ತಿದ್ದೆ. ಬೆಂಚಿನ ಮೇಲೆ ಕೂತೆ. ಒಳಗೆ ಈಗ ಡ್ರಾಪ್ಸ್ ಹಾಕಿರಬೇಕು, ಈಗ ರೆಪ್ಪೆ ಅಗಲಿಸಿರಬೇಕು ಎಂದು ಒಂದೊಂದೇ ಹಂತ ಮನಸ್ಸಿಗೆ ಬರುತ್ತಿತ್ತು. ಅದೆಲ್ಲ ಗೊತ್ತಿದ್ದದ್ದರಿಂದ ಧೈರ್ಯವೇನೂ ಬರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವರು ನನ್ನ ತೋಳು ಹಿಡಿದು, "ಇರುವೆ ಕಚ್ಚಿದಷ್ಟೂ ಆಗಲಿಲ್ಲವಲ್ಲೇ. ಮೊದಲೇ ಹೇಳೋದಲ್ವಾ?" ಎಂದರು.

"ದಿನಾ ಹೇಳಿದೀನಿ."

"ನೀನು ಎಲ್ಲಾ ಪೇಷೆಂಟುಗಳಿಗೂ ಹಾಗೇ ಅನ್ನೋದಲ್ವಾ. ಅದಕ್ಕೇ ನಂಬಲಿಲ್ಲ."

ಮುಂದೆ ತಿಂಗಳಿಗೊಮ್ಮೆ ಹೋದೆವು. ಸೋರುವುದು ನಿಂತಿದೆ ಎಂದು ವೈದ್ಯೆ ಒಂದು ದಿನ ಹೇಳಿದರು. ನಡುವಿನ ಮಸಿ ಚಿಕ್ಕದಾಯಿತು, ಪೂರ್ತಿ ಹೋಗಲಿಲ್ಲ. ಸುಮ್ಮನೆ ಕೂತು ಕಳೆದ ವಾರಗಳಲ್ಲಿ ಹೋದದ್ದು ಹೋಯಿತು. ಪೇಪರಿನ ಸಣ್ಣ ಅಕ್ಷರ ಈಗ ಇವರಿಗೆ ಆಗುವುದಿಲ್ಲ. ಬಾಡಿಗೆ ಹುಡುಗಿ ಟೀವಿಯ ಸಾಲುಗಳನ್ನು ದೊಡ್ಡದು ಮಾಡಿಕೊಟ್ಟಿದ್ದಾಳೆ. ಅದನ್ನು ನಿಧಾನವಾಗಿ ಓದುತ್ತಾರೆ, ತಪ್ಪಿದ ಪದಗಳನ್ನು ನನ್ನಿಂದ ಕೇಳುತ್ತಾರೆ. ನಾನು ಆ ಪದವನ್ನಷ್ಟೇ ಹೇಳಬೇಕು, ಅಭಿಪ್ರಾಯ ಸೇರಿಸಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾರೆ.

ಹೋದ ವಾರ ಒಂದು ಹೊಸ ಧಾರಾವಾಹಿ ಶುರುಮಾಡಿದೆವು. ಕತ್ತಿ, ಭೂತ, ಅರಚಾಟ. ಸ್ವಲ್ಪ ಹೊತ್ತಿಗೆ ಇವರು, "ಥೂ, ಏನು ಡ್ರಾಯಿಂಗೋ. ಆ ಕೈ ನೋಡು, ಬೆರಳೆಲ್ಲ ಒಂದೇ ಉದ್ದ" ಎಂದರು.

ಮತ್ತೆ ಸೋರತೊಡಗಿತೇ ಎಂದುಕೊಂಡೆ. ಕನ್ನಡಕ ಹಾಕಿಕೊಂಡು ಟೀವಿಯ ಹತ್ತಿರ ಹೋದೆ. ಬೆರಳುಗಳು ಒಂದೇ ಉದ್ದವಿದ್ದವು, ಕಡ್ಡಿ ಜೋಡಿಸಿಟ್ಟ ಹಾಗೆ. ಹೆಬ್ಬೆರಳು ಇರಬೇಕಾದ ಕಡೆ ಇರಲಿಲ್ಲ. ಹಿಂದೆ ನಿಂತ ಜನಕ್ಕೆ ಕಣ್ಣು ಮೂಗು ಬರೆಯುವ ಗೋಜಿಗೇ ಹೋಗಿರಲಿಲ್ಲ.

"ಹೌದು ರೀ" ಎಂದೆ. "ತುಂಬಾ ಕೆಟ್ಟದಾಗಿದೆ."

"ಮತ್ತೆ? ಬೇರೆ ಹಾಕು."

"ಇರಲಿ, ನೋಡೋಣ. ಇನ್ನೂ ಎಲ್ಲೆಲ್ಲಿ ತಪ್ಪಿದೆ, ಒಂದೊಂದಾಗಿ ತೋರಿಸಿ."

ಇವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎಡಗೈ ಚಾಚಿ, ಆ ಕತ್ತಿಯ ಹಿಡಿಯಿಂದ ಶುರುಮಾಡಿದರು.